ಅರೆಯುವ ಕಲ್ಲಿನ ಬಳಿ ಪ್ರತಿವಾದಿ

ಮೂವತ್ತು ವರ್ಷ ವಕೀಲರ ಆಫೀಸುಗಳಲ್ಲಿ ಟೈಪು ಮಾಡಿ ಹೊಟ್ಟೆ ಹೊರೆದವಳು ನಾನು. ಎಷ್ಟು ಸುಳ್ಳು ಟೈಪು ಮಾಡಿದ್ದೀರಿ ಎಂದು ಮಾತ್ರ ಕೇಳಬೇಡಿ. ಬತ್ತಿದ ಬಾವಿಯಲ್ಲಿ ಸೊಂಟಮಟ್ಟ ನೀರುಂಟು ಎಂದು, ಸತ್ತು ಮಣ್ಣಾದವರು ಸಾಕ್ಷಿ ಸಹಿ ಹಾಕಿದರು ಎಂದು, ಅಣ್ಣನಿಗೆ ತಮ್ಮನೇ ಇಲ್ಲ ಎಂದು, ಎಲ್ಲವನ್ನೂ ಎರಡು ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದಿದ್ದೇನೆ. ಅದಕ್ಕಾಗಿ ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ಮೊಣಕಾಲೂರಬೇಕು ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಹೇಳಿದವರ ಪಾಪ ಹೇಳಿದವರಿಗೆ, ಬೆರಳಿಗೆ ಎಂತ ಪಾಪ? ಆದರೆ ನಾನು ಟೈಪು ಮಾಡಿದ ಒಂದು ವಾಕ್ಯ ಉಂಟು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ಹಂಪನಕಟ್ಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಟೈಪು ಕಲಿಸುತ್ತಿದ್ದರು. ಅಲ್ಲಿ ಕಲಿತು, ಕೋರ್ಟುಗುಡ್ಡೆಯ ಬುಡದಲ್ಲಿದ್ದ ಒಬ್ಬ ವಕೀಲರ ಆಫೀಸಿಗೆ ಸೇರಿದೆ. ಅವರನ್ನು ಇಲ್ಲಿ 'ನಮ್ಮ ವಕೀಲರು' ಎಂದೇ ಕರೆಯುತ್ತೇನೆ. ಕೆಟ್ಟವರಲ್ಲ. ಮಧ್ಯಾಹ್ನ ಊಟದ ಮೇಲೆ ಕುರ್ಚಿಯಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚುವುದು ಬಿಟ್ಟರೆ ಬೇರೆ ದುರಭ್ಯಾಸ ಇರಲಿಲ್ಲ. ನಾನು ಕೊಂಕಣಿ ಮಾತಾಡುವ ಕ್ರಿಸ್ತುವರ ಮನೆಯವಳು; ಆಫೀಸಿನಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಗುಡ್ಡೆ ಹತ್ತಿ ಇಳಿಯುವ ಗುಮಾಸ್ತರೆಲ್ಲ ಮೊದಮೊದಲು ಕಿಟಕಿಯಿಂದ ಇಣುಕುತ್ತಿದ್ದರು. ಒಂದು ದಿನ ಟೈಪು ನಿಲ್ಲಿಸಿ, "ಎಂತ ಬೇಕು? ಒಳಗೆ ಬಂದು ನೋಡಿ, ಟಿಕೇಟಿಲ್ಲ" ಎಂದೆ. ಮತ್ತೆ ಯಾರೂ ಇಣುಕಲಿಲ್ಲ.

ನಮ್ಮ ವಕೀಲರನ್ನು ಕೋರ್ಟು ಆಗಾಗ ಕಮಿಷನರಾಗಿ ನೇಮಿಸುತ್ತಿತ್ತು. ಕೋರ್ಟಿನ ಮೆಟ್ಟಿಲು ಹತ್ತದ ಪುಣ್ಯವಂತರಿಗೆ ಇದೆಂತ ಎಂದು ಹೇಳಬೇಕು. ಕೆಲವರು ಕಾಯಿಲೆ ಬಿದ್ದು ಕೋರ್ಟಿಗೆ ಬರಲಾರರು. ಇನ್ನು ಕೆಲವರು ಅಷ್ಟು ದೊಡ್ಡ ಜನ, ಕೋರ್ಟಿನ ಕಟಕಟೆಯಲ್ಲಿ ನಿಂತರೆ ಊರಿಗೇ ಮುಜುಗರ. ಅಂಥವರ ಹೇಳಿಕೆ ತೆಗೆದುಕೊಳ್ಳಲಿಕ್ಕೆ ಕೋರ್ಟು ಒಬ್ಬ ವಕೀಲರನ್ನು ಅವರ ಮನೆಗೇ ಕಳಿಸುತ್ತದೆ. ಅದಕ್ಕೆ ಕಮಿಷನ್ ಹೋಗುವುದು ಎನ್ನುತ್ತಾರೆ. ನಮ್ಮ ವಕೀಲರು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಚಿಕ್ಕ ಟೈಪು ಮೆಷಿನು ತೆಗೆದುಕೊಂಡು ನಾನೂ ಹೋಗುತ್ತಿದ್ದೆ. ಆ ಆಫೀಸಿನಲ್ಲಿದ್ದ ಅಷ್ಟೂ ವರ್ಷದಲ್ಲಿ ಒಂದು ಸಲವೂ ಮುಳಿಹುಲ್ಲಿನ ಗುಡಿಸಲಿಗೆ ಕಮಿಷನ್ ಹೋದದ್ದಿಲ್ಲ. ಬಡವರಿಗೆ ಇದು ಇಲ್ಲ ಎಂದು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ. ಅರ್ಜಿ ಹಾಕಬೇಕು, ಡಾಕ್ಟರ ಸರ್ಟಿಫಿಕೇಟು ಬೇಕು, ಮತ್ತೆ ಕಮಿಷನರ ಕುರ್ಚಿ ಇಡಲಿಕ್ಕೆ ಒಂದು ಜಗಲಿ ಬೇಕು. ಅಷ್ಟೇ.

ಈ ಕೇಸಿನ ಪ್ರತಿವಾದಿಯನ್ನು ನಾನು ಕೇಸಿಗಿಂತ ಮೊದಲೇ ಬಲ್ಲೆ. ಬೆಂದೂರಿನ ನಮ್ಮ ಮನೆಗೆ ವಾರಕ್ಕೆರಡು ಸಲ ಬಸಳೆ ತರುತ್ತಿದ್ದ ಹೆಂಗಸು ಅವರು. ತುಳುವರು, ಗಂಡ ತೀರಿಹೋಗಿದ್ದ, ವಯಸ್ಸು ಐವತ್ತರ ಆಸುಪಾಸು. ನಾವು ಬಸಳೆ ಅಕ್ಕ ಎನ್ನುತ್ತಿದ್ದೆವು. ಎಡಗಾಲು ಆನೆಕಾಲು, ಊದಿ, ಪಾದ ಯಾವುದು ಮೀನಖಂಡ ಯಾವುದು ತಿಳಿಯುತ್ತಿರಲಿಲ್ಲ. ಆ ಕಾಲನ್ನು ಎಳೆದುಕೊಂಡು ಕದ್ರಿ ಕಡೆಯಿಂದ ಬುಟ್ಟಿ ಹೊತ್ತು ಬಂದು, ಮೆಟ್ಟಿಲ ಮೇಲೆ ಕೂತು, ಮೊದಲು ನನ್ನ ತಾಯಿಯ ಮಂಡಿ ನೋವು ಹೇಗುಂಟು ಎಂದು ವಿಚಾರಿಸುತ್ತಿದ್ದರು! "ನಿಮ್ಮ ಕಾಲು ನೋಡಿಕೊಳ್ಳಿ ಮಾರಾಯ್ತಿ" ಎಂದು ತಾಯಿ ಹೇಳಿದರೆ, "ಇದಾ? ಇದು ನನ್ನೊಟ್ಟಿಗೇ ಬರ್ತದೆ, ಎಲ್ಲಿಗೂ ಹೋಗುದಿಲ್ಲ" ಎಂದು ನಗುತ್ತಿದ್ದರು. ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಮನೆ ಇದ್ದದ್ದು ಒಬ್ಬ ದೊಡ್ಡ ದಣಿಗಳ ಹಿತ್ತಿಲಿನ ಕೆಳತುದಿಯಲ್ಲಿ. ಎರಡು ಕೋಣೆ, ಮಣ್ಣಿನ ಗೋಡೆ, ಎದುರಿಗೆ ಬಸಳೆ ಚಪ್ಪರ, ಮೂರು ತೆಂಗಿನಮರ. ಗಂಡನ ಅಪ್ಪ ಕಟ್ಟಿದ ಮನೆ. ಈಗಿನ ದಣಿಗಳ ತಂದೆ ಆ ಜಾಗವನ್ನು ಅವರಿಗೆ ಗೇಣಿಗೆ ಕೊಟ್ಟಿದ್ದರು, ಬಾಯಿಮಾತಿನಲ್ಲಿ. ಗೇಣಿ ಎಂದರೆ ಹಬ್ಬಕ್ಕೆ ಸೌತೆಕಾಯಿ, ಬಾಳೆಗೊನೆ, ದಣಿಗಳ ಮನೆಯಲ್ಲಿ ಮದುವೆಯೋ ತಿಥಿಯೋ ಬಂದರೆ ಹೋಗಿ ದುಡಿಯುವುದು. ಅದಕ್ಕೆ ಯಾರು ಚೀಟಿ ಕೊಡುತ್ತಾರೆ, ಯಾರು ಕೇಳುತ್ತಾರೆ? ಊರು ಬೆಳೆಯಿತು, ರಸ್ತೆ ಬಂತು, ಹಿತ್ತಿಲಿನ ಕೆಳತುದಿಯೇ ರಸ್ತೆಯ ಬದಿಯಾಯಿತು. ದಣಿಗಳಿಗೆ ಅಲ್ಲಿ ಕಟ್ಟಡ ಎಬ್ಬಿಸುವ ಆಲೋಚನೆ ಬಂತು. ಈ ಹೆಂಗಸು ಒಕ್ಕಲೇ ಅಲ್ಲ, ನಮ್ಮ ಮನೆಯ ಕೆಲಸದವಳು, ಕೆಲಸಕ್ಕಿದ್ದಷ್ಟು ದಿನ ಇರಲಿ ಎಂದು ದಯೆಯಿಂದ ಜಾಗ ಕೊಟ್ಟದ್ದು ಎಂದು ದಾವೆ ಹಾಕಿದರು. ಕೇಸಿನ ತಿರುಳು ಇಷ್ಟೇ. ಒಕ್ಕಲು ಎಂದು ತೀರ್ಮಾನವಾದರೆ ಮನೆ ಉಳಿಯುತ್ತದೆ. ಕೆಲಸದವಳು ಎಂದಾದರೆ ಹೋಗುತ್ತದೆ.

ದಣಿಗಳು ತಾವೇ ಸಾಕ್ಷಿ ಹೇಳಬೇಕಿತ್ತು. ಆಗ ಅವರಿಗೆ ಕಾಲುನೋವು ಬಂತು. ಕಾಲಿನ ಹೆಬ್ಬೆರಳು ಊದಿದೆ, ನಡೆದಾಡಬಾರದು ಎಂದು ಡಾಕ್ಟರ ಸರ್ಟಿಫಿಕೇಟು ಬಂತು, ಕಮಿಷನ್ ಮಂಜೂರಾಯಿತು, ನಮ್ಮ ವಕೀಲರ ಹೆಸರಿಗೇ ಬಂತು. ಸರ್ಟಿಫಿಕೇಟಿನ ಮರುದಿನ ಹಂಪನಕಟ್ಟೆಯಲ್ಲಿ ಅದೇ ದಣಿಗಳು ಕಾರಿನಿಂದಿಳಿದು ದರ್ಜಿಯ ಅಂಗಡಿಯ ಮೆಟ್ಟಿಲು ಟಕಟಕ ಹತ್ತುವುದನ್ನು ನಾನೇ ಕಣ್ಣಾರೆ ಕಂಡೆ. ಹೆಬ್ಬೆರಳಿಗೆ ಗುಡ್ಡೆ ಆಗದು, ಅಂಗಡಿ ಆದೀತು. ನಮ್ಮ ವಕೀಲರಿಗೆ ಹೇಳಿದೆ. "ನೀನು ಡಾಕ್ಟರಾ?" ಎಂದರು. ಅಲ್ಲಿಗೆ ಮುಗಿಯಿತು.

ಆ ವಾರ ಬಸಳೆ ಅಕ್ಕ ನಮ್ಮ ಮೆಟ್ಟಿಲಲ್ಲಿ ಕೂತು ಕೇಳಿದರು. ಕ್ರಿಸ್ತುವರ ಹೆಂಗಸರನ್ನು ನಮ್ಮ ಊರಲ್ಲಿ ಬಾಯಿ, ಬಾಯಮ್ಮ ಎಂದೇ ಕರೆಯುವುದು. "ಬಾಯಮ್ಮ, ದಣಿಗಳ ಮನೆಗೇ ಕೋರ್ಟು ಬರ್ತದಂತೆ, ಹೌದಾ?"

"ಹೌದು. ನಾನೂ ಬರ್ತೇನೆ."

"ನಾನು ಹೋಗ್ಬೇಕಾ?"

"ಹೋಗದೆ? ನಿಮ್ಮ ಕೇಸು. ದಣಿಗಳು ಎಂತ ಹೇಳ್ತಾರೆ ಕೇಳ್ಬೇಡ್ವಾ? ನಿಮ್ಮ ವಕೀಲರು ಅವರಿಗೆ ಪ್ರಶ್ನೆ ಹಾಕ್ಬೇಕು."

ಅವರ ವಕೀಲರು ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬ ಯುವಕ. ಕಮಿಷನಿನ ದಿನ ಬೆಳಿಗ್ಗೆ ಅವರಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿತ್ತು. 'ನಮ್ಮ ವಕೀಲರು ಹನ್ನೆರಡಕ್ಕೆ ಬರ್ತಾರೆ, ಅಲ್ಲಿವರೆಗೆ ನಿಲ್ಲಿಸಿ' ಎಂದಷ್ಟೇ ನೀವು ಕಮಿಷನರಿಗೆ ಹೇಳಬೇಕು, ಬೇರೆ ಬಾಯಿ ಬಿಡಬೇಡಿ ಎಂದು ಅಕ್ಕನಿಗೆ ಕಲಿಸಿ ಕಳಿಸಿದ್ದರು. ಅಕ್ಕ ಅದನ್ನು ಮಗ್ಗಿಯ ಹಾಗೆ ಉರು ಹೊಡೆದಿದ್ದರು. ನಮ್ಮ ಮೆಟ್ಟಿಲಲ್ಲಿ ನನಗೇ ಒಮ್ಮೆ ಒಪ್ಪಿಸಿದರು. ಸರಿ ಉಂಟು, ಹಾಗೇ ಹೇಳಿ ಎಂದೆ. ಎಷ್ಟು ಗಂಟೆಗೆ ಬರಬೇಕು ಎಂದೂ ಹೇಳಿದೆ. ಯಾವ ಬಾಗಿಲಿನಿಂದ ಬರಬೇಕು ಎಂದು ಹೇಳಲಿಕ್ಕೆ ನನಗೆ ಹೊಳೆಯಲಿಲ್ಲ.

ದಣಿಗಳ ಮನೆ ಆ ಕಾಲದ ದೊಡ್ಡ ಮನೆಗಳ ಹಾಗೇ. ಮುಂದೆ ಗೇಟು, ಅಂಗಳ, ಕೆಂಪು ಗಾರೆಯ ಎತ್ತರದ ಜಗಲಿ. ಜಗಲಿಯಲ್ಲಿ ಬೀಟೆಯ ಮೇಜು ಹಾಕಿ ನಮ್ಮ ವಕೀಲರಿಗೊಂದು ಕುರ್ಚಿ, ದಣಿಗಳ ವಕೀಲರಿಗೊಂದು, ಮೂಲೆಯಲ್ಲಿ ನನಗೊಂದು ಸ್ಟೂಲು. ದಣಿಗಳು ಈಸಿಚೇರಿನಲ್ಲಿ ಮಲಗಿದ ಹಾಗೆ ಕೂತು ಬಲಗಾಲನ್ನು ದಿಂಬಿನ ಮೇಲೆ ಇಟ್ಟಿದ್ದರು. ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ನಾವು ಹೋದ ಕೂಡಲೇ ಕಾಫಿ ಬಂತು. "ಬಾಯಿ, ನಿಮಗೆ ಸಕ್ಕರೆ ಸಾಕಾ?" ಎಂದು ದಣಿಗಳು ನನ್ನನ್ನೂ ಕೇಳಿದರು. ಮಾತಿನಲ್ಲಿ ಅಷ್ಟು ಮರ್ಯಾದಸ್ಥರು. ನನಗೆ ಅವರ ಮೇಲೆ ಸಿಟ್ಟು ಮಾಡಲಿಕ್ಕೂ ಅವತ್ತು ಆಗಲಿಲ್ಲ.

ಹತ್ತೂವರೆಯಾಯಿತು. ಪ್ರತಿವಾದಿ ಕಾಣಲಿಲ್ಲ. ಕೋರ್ಟಿನಲ್ಲಾದರೆ ಡವಾಲಿ ಹಾಕಿದ ಜವಾನ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗುತ್ತಾನೆ. ಇಲ್ಲಿ ಜವಾನ ಎಲ್ಲಿಂದ ಬರಬೇಕು? ನಮ್ಮ ವಕೀಲರು ಕಾನೂನು ತಪ್ಪಿಸುವವರಲ್ಲ. ದಣಿಗಳ ಮನೆಯ ಆಳನ್ನು ಕರೆದು, "ಮೂರು ಸಲ ಕೂಗು" ಎಂದರು. ಅವನು ಮುಂದಿನ ಮೆಟ್ಟಿಲ ಮೇಲೆ ನಿಂತು, ಗೇಟಿನ ಕಡೆಗೆ ಮುಖ ಮಾಡಿ, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಪ್ರತಿವಾದಿ ಗೈರುಹಾಜರು ಎಂದು ನಮ್ಮ ವಕೀಲರು ಹೇಳಿದರು, ನಾನು ಟೈಪು ಮಾಡಿದೆ.

ದಣಿಗಳ ಹೇಳಿಕೆ ಶುರುವಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವರ ವಕೀಲರು ಕೇಳಿದರು, ಅವರು ಹೇಳಿದರು. ಆ ಹೆಂಗಸು ನಮ್ಮ ಮನೆಯ ಕೆಲಸದವಳು. ಅವಳ ಗಂಡನೂ ಹಾಗೇ. ಗೇಣಿ ಎಂದು ಒಂದು ತೆಂಗಿನಕಾಯಿಯನ್ನೂ ನಾವು ಮುಟ್ಟಿದ್ದಿಲ್ಲ. ಪ್ರೀತಿಯಿಂದ ತಂದುಕೊಟ್ಟದ್ದು ಬೇರೆ. ದೊಡ್ಡವರು ಹೇಳಿದ್ದೇ ವೇದ. ತಡೆದು ಪ್ರಶ್ನೆ ಹಾಕಲಿಕ್ಕೆ ಅಲ್ಲಿ ಯಾರಿದ್ದರು? ನಾನು ಎರಡು ಹಾಳೆ ಮುಗಿಸಿದೆ. ಈ ಹೆಂಗಸು ಎಲ್ಲಿ ಸತ್ತಳು ಎಂದು ಮನಸ್ಸಿನಲ್ಲೇ ಬೈದೆ. ಸಾಯ್ಬಾ ಭೊಗೊಸ್, ದೇವರು ಕ್ಷಮಿಸಲಿ, ಬೈದದ್ದು ಅವರನ್ನೇ.

ಮೂರನೆಯ ಹಾಳೆ ಹಾಕುವ ಮೊದಲು ನನಗೆ ಹಿಂದೆ ಹೋಗಬೇಕಾಯಿತು. ಹೆಂಗಸರು ಹೋಗಬೇಕಾದದ್ದು ಅಡಿಗೆಮನೆ ದಾಟಿ ಹಿತ್ತಿಲಿನ ಬದಿಗೆ. ಅಲ್ಲಿ ಮಾಡಿನ ಕೆಳಗೆ, ಅರೆಯುವ ಕಲ್ಲಿನ ಮುಂದೆ ಬಸಳೆ ಅಕ್ಕ ಕೂತಿದ್ದರು. ಆನೆಕಾಲನ್ನು ಒಂದು ಬದಿಗೆ ಚಾಚಿ, ಎರಡೂ ಕೈಯಲ್ಲಿ ಗುಂಡು ತಿರುಗಿಸುತ್ತಾ ಕೋಳಿಸಾರಿಗೆ ಮಸಾಲೆ ಅರೆಯುತ್ತಿದ್ದರು. ತಲೆಗೆ ಎಣ್ಣೆ ಹಾಕಿ ಬಾಚಿದ್ದರು, ಪೆಟ್ಟಿಗೆಯಲ್ಲಿಟ್ಟ ಒಳ್ಳೆ ಸೀರೆ ಉಟ್ಟಿದ್ದರು. ಸೆರಗಿಗೆ ಮೆಣಸಿನ ಕೆಂಪು ಹಾರಿತ್ತು.

"ಅಕ್ಕ! ನೀವು ಇಲ್ಲಿ ಎಂತ ಮಾಡ್ತೀರಿ?"

"ಬಂದೆಯಾ ಬಾಯಮ್ಮ? ನಾನು ಎಂಟು ಗಂಟೆಗೇ ಬಂದದ್ದು. ಕರೆದ ಕೂಡಲೇ ಬರ್ತೇನೆ ಅಂತ ಅಮ್ಮನಿಗೆ ಹೇಳಿದ್ದೇನೆ." ಅಮ್ಮ ಎಂದರೆ ದಣಿಗಳ ಹೆಂಡತಿ.

"ಕರೆದಾಯ್ತಲ್ಲ! ಮೂರು ಸಲ ಕೂಗಿದ!"

"ಹೌದಾ? ಕಲ್ಲಿನ ಶಬ್ದಕ್ಕೆ ಕೇಳ್ಲಿಲ್ಲ ನೋಡು."

"ಮುಂದಿನಿಂದ ಬರ್ಬೇಕಿತ್ತು ಅಕ್ಕ!"

ಅವರು ಗುಂಡು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ. "ದಣಿಗಳ ಮನೆಗೆ ಮುಂದಿನಿಂದ ಬರ್ಲಿಕ್ಕುಂಟಾ? ನನ್ನ ಅತ್ತೆಯೂ ಬಂದದ್ದು ಹೀಗೇ" ಎಂದರು. ಮದುವೆಯಾಗಿ ಬಂದ ಮೂವತ್ತು ವರ್ಷದಲ್ಲಿ ಆ ಜಗಲಿಯ ಮೆಟ್ಟಿಲು ಅವರು ಹತ್ತಿದವರಲ್ಲ. ಹಿಂದಿನಿಂದ ಬಂದು, ಅಲ್ಲಿ ಹೆಂಗಸರು ಗಡಿಬಿಡಿಯಲ್ಲಿರುವುದನ್ನು ಕಂಡು, ಕೈಕಟ್ಟಿ ಕೂರಲಿಕ್ಕೆ ಆಗದೆ ಅರೆಯಲಿಕ್ಕೆ ಕೂತಿದ್ದಾರೆ. ಯಾರೂ ಹೇಳಿದ್ದಲ್ಲ. ದಣಿಗಳ ಹೆಂಡತಿ ಬೇಡ ಎಂದೂ ಅಂದಿದ್ದರಂತೆ. ನಿಜ ಇರಬಹುದು.

ನಾನು ಜಗಲಿಗೆ ಓಡಿದೆ. ಆಗ ನನ್ನ ವಯಸ್ಸು ಇಪ್ಪತ್ತಮೂರು. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಗರ್ವ ಬೇರೆ. "ಸಾರ್, ಪ್ರತಿವಾದಿ ಬಂದಿದ್ದಾರೆ! ಎಂಟು ಗಂಟೆಗೇ ಬಂದಿದ್ದಾರೆ!" ಎಂದೆ.

"ಎಲ್ಲಿದ್ದಾರೆ?"

"ಹಿಂದೆ. ಅರೆಯುವ ಕಲ್ಲಿನ ಹತ್ತಿರ."

ಆ ಮಾತು ಬಾಯಿಂದ ಬಿದ್ದದ್ದೇ ತಡ, ದಣಿಗಳ ವಕೀಲರು ಕಾಫಿ ಲೋಟ ಕೆಳಗಿಟ್ಟರು. "ಅಲ್ಲಿ ಎಂತ ಮಾಡ್ತಿದ್ದಾಳೆ?" ಎಂದು ಬಹಳ ಮೆಲ್ಲಗೆ ನನ್ನನ್ನೇ ಕೇಳಿದರು. ನಾನು ನಾಲಗೆ ಕಚ್ಚಿಕೊಂಡೆ. ಹೇಳದಿದ್ದರೂ ಪ್ರಯೋಜನವಿರಲಿಲ್ಲ. ಅವರು ಎದ್ದು, ನಮ್ಮ ವಕೀಲರನ್ನೂ ಎಬ್ಬಿಸಿಕೊಂಡು, ಅಡಿಗೆಮನೆಯ ಬಾಗಿಲಿನವರೆಗೆ ಹೋದರು. ಇಬ್ಬರೂ ನೋಡಿ ಬಂದರು. "ಕಮಿಷನರು ಕಣ್ಣಾರೆ ಕಂಡದ್ದನ್ನು ಬರೆಯಬೇಕು ಎಂದು ನನ್ನ ಪ್ರಾರ್ಥನೆ" ಎಂದು ದಣಿಗಳ ವಕೀಲರು ಕುರ್ಚಿಗೊರಗಿದರು.

ನಮ್ಮ ವಕೀಲರು ಹಣೆಯ ಬೆವರು ಒರೆಸಿಕೊಂಡರು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು, ನಾನು ಟೈಪು ಮಾಡಿದೆ: ಸಾಕ್ಷ್ಯ ನಡೆಯುತ್ತಿರುವಾಗ ಪ್ರತಿವಾದಿಯು ವಾದಿಯ ಮನೆಯ ಹಿಂಬದಿಯಲ್ಲಿ ಅಡಿಗೆಗೆ ಮಸಾಲೆ ಅರೆಯುತ್ತಿದ್ದುದನ್ನು ಕಮಿಷನರು ಸ್ವತಃ ನೋಡಿರುತ್ತಾರೆ. ಶುರುವಿನಲ್ಲಿ ನಾನು ಹೇಳಿದ ವಾಕ್ಯ ಇದೇ. ಒಂದು ಅಕ್ಷರ ತಪ್ಪಲಿಲ್ಲ. ಒಳ್ಳೆ ಟೈಪಿಸ್ಟು ನಾನು, ದರಿದ್ರ!

ಆಮೇಲೆ ಅಕ್ಕನನ್ನು ಕರೆಸಿದರು. ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ, ಮನೆಯನ್ನು ಸುತ್ತಿ ಬಂದು ಅಂಗಳದಲ್ಲಿ ನಿಂತರು. ಜಗಲಿಗೆ ಹತ್ತಿ ಬನ್ನಿ ಎಂದು ನಮ್ಮ ವಕೀಲರು ಎರಡು ಸಲ ಹೇಳಿದರು. ಅವರು ಹತ್ತಲಿಲ್ಲ. ವಾದಿಗೆ ಏನಾದರೂ ಪ್ರಶ್ನೆ ಕೇಳುವುದುಂಟಾ ಎಂದದ್ದಕ್ಕೆ, ಈಸಿಚೇರಿನ ಕಡೆ ನೋಡಿ ಕಣ್ಣು ತಗ್ಗಿಸಿ, "ದಣಿಗಳ ಹತ್ರ ನಾನು ಎಂತ ಕೇಳುದು? ನಮ್ಮ ವಕೀಲರು ಹನ್ನೆರಡಕ್ಕೆ ಬರ್ತಾರೆ, ಅಲ್ಲಿವರೆಗೆ ನಿಲ್ಲಿಸಿ" ಎಂದರು. ಉರು ಹೊಡೆದದ್ದನ್ನು ಒಂದೂ ಮಾತು ಬಿಡದೆ ಒಪ್ಪಿಸಿದರು. ಆದರೆ ದಣಿಗಳಿಗೆ ಆಯಾಸವಾಗಿತ್ತು, ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು ಎಂದು ಸರ್ಟಿಫಿಕೇಟಿನಲ್ಲೇ ಇತ್ತು. ಅವಕಾಶ ಕೊಡಲಾಯಿತು, ಪ್ರಶ್ನೆಗಳಿಲ್ಲ ಎಂದು ಬರೆದು ಮುಗಿಸಿದರು. ದಣಿಗಳು ಸಹಿ ಹಾಕಿ ಒಳಗೆ ಹೋಗಿ ಮಲಗಿದರು. ಅಕ್ಕ ಮತ್ತೆ ಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋದರು. ಮಸಾಲೆ ಇನ್ನೂ ನುಣ್ಣಗಾಗಿರಲಿಲ್ಲ.

ಹನ್ನೆರಡು ಕಾಲಿಗೆ ಅವರ ವಕೀಲರು ಸೈಕಲು ತುಳಿದುಕೊಂಡು ಬೆವರಿಳಿಸುತ್ತಾ ಬಂದಾಗ ಜಗಲಿಯಲ್ಲಿ ಮೇಜು ಎತ್ತಿ ಎಲೆ ಹಾಕಿಯಾಗಿತ್ತು. ಅವರು ಕೂಗಾಡಿದರು. ಬಡವನ ಕೋಪ ದವಡೆಗೆ ಮೂಲ. ಬಡವರ ವಕೀಲನ ಕೋಪವೂ ಅಷ್ಟೇ. ತಕರಾರು ಇದ್ದರೆ ಬರೆದುಕೊಡಿ, ಕೋರ್ಟಿಗೆ ಕಳಿಸುತ್ತೇನೆ ಎಂದರು ನಮ್ಮ ವಕೀಲರು. ಅವರು ಬರೆದುಕೊಟ್ಟು, ಊಟ ಬೇಡ ಎಂದು ಹೇಳಿ ಸೈಕಲು ಹತ್ತಿ ಹೋದರು. ನಾವು ಊಟ ಮಾಡಿದೆವು. ರೊಟ್ಟಿ, ಕೋಳಿಸಾರು. ಶುಕ್ರವಾರವಾಗಿದ್ದರೆ ನಮ್ಮವರು ಮಾಂಸ ಮುಟ್ಟುವಂತಿಲ್ಲ. ಅವತ್ತು ಗುರುವಾರ.

ಮರುದಿನ ಆಫೀಸಿನಲ್ಲಿ ನಮ್ಮ ವಕೀಲರ ಹತ್ತಿರ ಜಗಳಕ್ಕೇ ನಿಂತೆ. ಆ ವಾಕ್ಯ ತೆಗೆಯಿರಿ ಸಾರ್ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು.

"ನೀನು ಟೈಪು ಮಾಡಿದ್ದರಲ್ಲಿ ಸುಳ್ಳು ಯಾವುದು, ತೋರಿಸು."

"ಸುಳ್ಳಲ್ಲ ಸಾರ್. ಆದರೆ ಅವರು ಕೆಲಸಕ್ಕೆ ಬಂದದ್ದಲ್ಲ, ಕೇಸಿಗೆ ಬಂದದ್ದು."

"ಅದು ಅವಳ ಮನಸ್ಸಿನಲ್ಲಿದ್ದದ್ದು. ನನ್ನ ಕಣ್ಣಿಗೆ ಕಂಡದ್ದು ಅರೆಯುವುದು. ಕಮಿಷನರು ಕಣ್ಣಿನದ್ದು ಬರೆಯಬೇಕು, ಮನಸ್ಸಿನದ್ದಲ್ಲ."

"ದಣಿಗಳ ಹೆಬ್ಬೆರಳಿನ ಬಟ್ಟೆ ಬಿಚ್ಚಿಸಿ ನೋಡಿದ್ರಾ ಸಾರ್, ಕಣ್ಣಿನಿಂದ?"

ಅವರು ಕನ್ನಡಕ ತೆಗೆದು ಒರೆಸಿದರು. "ಹೋಗಿ ಕೆಲಸ ಮಾಡು" ಎಂದರು. ಹೋಗಿ ಕೆಲಸ ಮಾಡಿದೆ. ನನ್ನ ಇಬ್ಬರು ತಮ್ಮಂದಿರು ಆಗ ಶಾಲೆಯಲ್ಲಿದ್ದರು, ಇದನ್ನು ನೆವ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ.

ಅಕ್ಕ ಸಾಕ್ಷಿ ಹೇಳಿದ್ದು ಅದಾಗಿ ಮೂರು ತಿಂಗಳಿಗೆ, ಕೋರ್ಟಿನಲ್ಲೇ. ಅವರ ಕಾಲಿಗೆ ಯಾರೂ ಕಮಿಷನ್ ಕೇಳಲಿಲ್ಲ; ಕೇಳಬಹುದು ಎಂದು ಅವರ ವಕೀಲರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆನೆಕಾಲಿನವರು ನಡೆಯುವುದನ್ನು ನೋಡಿ ನೋಡಿ ನಮಗೆಲ್ಲ ಅದು ಕಾಯಿಲೆ ಎಂದೇ ಮರೆತುಹೋಗಿತ್ತು. ಗುಡ್ಡೆಯನ್ನು ನಾಲ್ಕು ಕಡೆ ಕೂತು ಕೂತು ಹತ್ತಿದರು. ನಾನು ಅರ್ಧ ಗಂಟೆ ಬಿಡುವು ಕೇಳಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ.

ದಣಿಗಳ ವಕೀಲರು ಸುತ್ತಿ ಬಳಸಲಿಲ್ಲ. "ಆ ದಿನ ದಣಿಗಳ ಮನೆಯಲ್ಲಿ ನೀನು ಮಸಾಲೆ ಅರೆಯುತ್ತಿದ್ದದ್ದು ನಿಜವಾ?"

"ನಿಜ."

"ಯಾರಾದರೂ ಒತ್ತಾಯ ಮಾಡಿದರಾ?"

"ಇಲ್ಲಪ್ಪ."

"ಹಾಗಾದರೆ ಅವರ ಮನೆಯ ಕೆಲಸ ಮಾಡಿದ್ದು, ಅಲ್ವಾ?"

"ಅಲ್ಲ."

"ಮತ್ತೆ ಯಾರ ಕೆಲಸ?"

ಅಕ್ಕ ಜಡ್ಜರ ಕಡೆಗೆ ತಿರುಗಿದರು. ಅವರ ಸ್ವರ ಗಟ್ಟಿಯಾಗಿತ್ತು, ಹೆದರಿದವರ ಸ್ವರ ಅಲ್ಲ. "ಕೋರ್ಟಿನವರದ್ದು, ಸ್ವಾಮಿ. ಕೋರ್ಟು ನನ್ನ ಕೇಸಿಗೆ ಅಂತ ಬಂದದ್ದು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸ್ಲಿಕ್ಕುಂಟಾ? ನನ್ನ ಮನೆಗೆ ಬಂದಿದ್ರೆ ಅಲ್ಲೇ ಅರೆಯುತ್ತಿದ್ದೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ಜಡ್ಜರೂ ನಕ್ಕರು, ಕೆಟ್ಟ ನಗೆ ಅಲ್ಲ, ಪ್ರೀತಿಯದ್ದೇ. ನಕ್ಕು, ತಲೆ ತಗ್ಗಿಸಿ ಬರೆದುಕೊಂಡರು. ಆಮೇಲೆ ನಾನು ಆ ಹೇಳಿಕೆಯ ನಕಲು ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಒಂದೇ ಸಾಲು: ವಾದಿಯ ಮನೆಯಲ್ಲಿ ನಾನು ಮಸಾಲೆ ಅರೆದದ್ದು ನಿಜ, ಯಾರೂ ಒತ್ತಾಯ ಮಾಡಲಿಲ್ಲ. ಉಳಿದದ್ದು ಕಾಗದದಲ್ಲಿ ಇಲ್ಲ. ಆ ಉಳಿದದ್ದನ್ನು ಬರೆಯಬೇಕು ಎಂದೇ ನಾನು ಇವತ್ತು ಪೆನ್ನು ಹಿಡಿದದ್ದು.

ತೀರ್ಪಿನಲ್ಲಿ ಆ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟಿದ್ದರು, ಕಮಿಷನರು ಕಂಡದ್ದು ಮತ್ತು ಪ್ರತಿವಾದಿ ಒಪ್ಪಿದ್ದು. ಕೇಸು ನಡೆಯುತ್ತಿರುವಾಗಲೂ ವಾದಿಯ ಅಡಿಗೆಮನೆಯ ಕೆಲಸ ಬಿಡದವಳು ಒಕ್ಕಲು ಹೇಗಾದಾಳು ಎಂದು ಕೇಳಿ, ಮನೆ ಖಾಲಿ ಮಾಡಬೇಕು ಎಂದರು. ಅಪೀಲು ಹಾಕುತ್ತೇನೆ ಎಂದು ಆ ಯುವಕ ವಕೀಲರು ಓಡಾಡಿದರು. ಅಕ್ಕನೇ ಬೇಡ ಎಂದರು. ಮೇಲಿನ ಕೋರ್ಟು ಇನ್ನೂ ಎತ್ತರದಲ್ಲಿರುತ್ತದೆ, ನನ್ನಿಂದ ಹತ್ತಲಿಕ್ಕಾಗದು ಎಂದರಂತೆ. ಅದು ಅದೇ ಗುಡ್ಡೆಯಲ್ಲೇ ಇತ್ತು. ಯಾರೂ ಅವರಿಗೆ ಹೇಳಲಿಲ್ಲ.

ಖಾಲಿ ಮಾಡಿಸುವ ದಿನ ನಾನು ಹೋಗಲಿಲ್ಲ, ಧೈರ್ಯ ಬರಲಿಲ್ಲ. ಎರಡು ದಿನದ ಮೇಲೆ ಕೋರ್ಟಿನ ಅಮೀನ ಯಾವುದೋ ಕಾಗದಕ್ಕೆ ನಮ್ಮ ಆಫೀಸಿಗೆ ಬಂದ. ಇಂಥ ಮನೆಗಳಿಂದ ಜನರನ್ನು ಎಬ್ಬಿಸುವ ಕೆಲಸ ಅವನದ್ದೇ. ನಾಲ್ಕು ಮಕ್ಕಳ ತಂದೆ, ಯಾವತ್ತೂ ಒಂದೇ ಖಾಕಿ ಕೋಟು, ಜನರ ಜೊತೆ ಮೆಲ್ಲಗೆ ಮಾತಾಡುವವನು. ಎಂತ ಆಯ್ತು ಎಂದು ನಾನೇ ಕೇಳಿದೆ.

"ಎಂತ ಆಗುದು ಬಾಯಮ್ಮ? ಗಲಾಟೆ ಇಲ್ಲ, ಏನಿಲ್ಲ. ನಾನು ಹೋಗುವಾಗ ಬಾಗಿಲಲ್ಲೇ ನಿಂತಿದ್ರು. ಬಿಸಿಲಿಗೆ ಬಂದದ್ದು, ಕೂತ್ಕೊಳ್ಳಿ ಅಂತ ಮಣೆ ಹಾಕಿದ್ರು. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. ಕುಡಿದೆ. ಮತ್ತೆ ಆ ಚೊಂಬನ್ನೇ ಮೊದಲು ಹೊರಗಿಟ್ಟೆ, ಆಮೇಲೆ ಉಳಿದ ಪಾತ್ರೆ, ಚಾಪೆ, ದೇವರ ಪಟ. ದಣಿಗಳ ಜನ ಚಪ್ಪರ ಕಡಿದರು. ಹೊಳೆಯಾಚೆ ಬೆಂಗ್ರೆಯಲ್ಲಿ ಮಗಳ ಮನೆ ಉಂಟಂತೆ, ಸಾಯಂಕಾಲದ ದೋಣಿಗೆ ಹೋದ್ರು."

ನನಗೆ ಎಲ್ಲಿತ್ತೋ ಸಿಟ್ಟು. ದಣಿಗಳ ಮೇಲಿನದ್ದು, ಜಡ್ಜರ ಮೇಲಿನದ್ದು, ನಮ್ಮ ವಕೀಲರ ಮೇಲಿನದ್ದು, ಎಲ್ಲ ಆ ಬಡಪಾಯಿಯ ಮೇಲೆ ಹೋಯಿತು. "ಅವರನ್ನು ಬೀದಿಗೆ ಹಾಕ್ಲಿಕ್ಕೆ ಹೋದವರು ಅವರ ಕೈಯ ನೀರು ಹೇಗೆ ಕುಡಿದ್ರಿ ಮಾರಾಯ್ರೆ? ಗಂಟಲಲ್ಲಿ ಇಳಿಯಿತಾ?"

ಅಮೀನ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನನ್ನು ನೋಡಿದ. ಸಿಟ್ಟು ಮಾಡಲಿಲ್ಲ.

"ನೀವು ಆ ದಿನ ಊಟ ಮಾಡಿ ಬರ್ಲಿಲ್ವಾ ಬಾಯಮ್ಮ?"

ಮಾಡಿ ಬಂದಿದ್ದೆ. ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದೆ.